ಉಪ್ಪಾಗೆ ಹಣ್ಣಾಗುವವರೆಗೆ

ಮಳೆಗಾಲ ಹಿಡಿದರೆ ಶಿರಸಿ, ಸಿದ್ದಾಪುರ ಸೀಮೆಯ ಮನೆಗಳಲ್ಲಿ ಹೊಗೆಯೊಂದಿಗೆ ಬೆರೆತ ಹುಳಿ ವಾಸನೆ ಬಹಳ ದಿನ ಉಳಿಯುತ್ತದೆ. ಅದು ಪಶ್ಚಿಮ ಘಟ್ಟದ ಕಾಡುಮರವಾದ ಉಪ್ಪಾಗೆಯ ಹುಳಿ ಹಣ್ಣಿನ ವಾಸನೆ. ಕೊಡಗಿನವರು ಇದರಿಂದ ಕಾಚಂಪುಳಿ ಎಂಬ ಕಪ್ಪು ಹುಳಿರಸ ಮಾಡುತ್ತಾರೆ, ಕೇರಳದವರು ಒಣಗಿದ ಸಿಪ್ಪೆಯನ್ನು ಮೀನಿನ ಸಾರಿಗೆ ಹಾಕುತ್ತಾರೆ. ನಮ್ಮ ಹಿರಿಯರು ಬೀಜದಿಂದ ತುಪ್ಪ ತೆಗೆಯುತ್ತಿದ್ದರು. 1990ರ ದಶಕದಲ್ಲಿ, ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಮೈತೂಕ ಇಳಿಸುತ್ತದೆಂಬ ನಂಬಿಕೆ ಪಾಶ್ಚಾತ್ಯ ದೇಶಗಳಲ್ಲಿ ಹಬ್ಬಿದ ಮೇಲೆ (ಆ ನಂಬಿಕೆಗೆ ಗಟ್ಟಿ ಆಧಾರ ಸಿಗಲಿಲ್ಲವೆಂಬುದು ಬೇರೆ ಮಾತು) ಸಿಪ್ಪೆಯ ಬೆಲೆ ಏರಿತು, ಭೂಮಿಯಿಲ್ಲದ ಕುಟುಂಬಗಳಿಗೆ ಕೆಲಸ ಕಡಿಮೆಯಿರುವ ಮಳೆಗಾಲದಲ್ಲೇ ಕೈಗೆ ಕಾಸು ಬರತೊಡಗಿತು.

ಕಾಡು ಸೊರಗಿದ್ದು ಕೊಯ್ಲಿನಿಂದಲೇ ಎಂದು ಹೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅಡಿಕೆ ತೋಟಕ್ಕೆ ಸೇರಿದ, ಗೊಬ್ಬರದ ಸೊಪ್ಪು ತರುವ ಕಾಡಾದ ಸೊಪ್ಪಿನ ಬೆಟ್ಟದಲ್ಲಿ, ನಾಳೆಯೂ ಹಣ್ಣು ತನಗೇ ಸಿಗುತ್ತದೆಂಬ ಭರವಸೆಯಿರುವುದರಿಂದ, ಮನೆಯವರು ಅದು ಹಳದಿಯಾಗುವವರೆಗೆ ಕಾಯುತ್ತಾರೆ. ಗುತ್ತಿಗೆದಾರನಿಗೆ ಟೆಂಡರ್ ಆದ ಕಾಡಿನಲ್ಲಿ ಇಂದು ಬಿಟ್ಟ ಕಾಯಿಯನ್ನು ನಾಳೆ ಇನ್ನೊಬ್ಬ ಕೊಯ್ಯುತ್ತಾನೆ. ಹಾಗಾಗಿ ಹಸಿರುಗಾಯಿಯನ್ನೇ ಉದುರಿಸುವುದು, ಕೈಗೆಟುಕದ ಕೊಂಬೆಯನ್ನು ಕಡಿದೇ ಕೆಡವುವುದು ನಡೆಯಿತು. ಬಲಿಯದ ಕಾಯಿಯ ಬೀಜ ಮೊಳೆಯುವುದಿಲ್ಲ, ಬಲಿತದ್ದೂ ಮೊಳೆಯಲು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತದೆ. ಗಂಡು ಮರ, ಹೆಣ್ಣು ಮರ ಬೇರೆಬೇರೆಯಾದ ಜಾತಿಯಿದು. ಫಲ ಕೊಡದ್ದೆಂದು ಗಂಡು ಮರವನ್ನು ಕಡಿದರೆ ಪಕ್ಕದ ಹೆಣ್ಣು ಮರದ ಫಲವೂ ತಗ್ಗಬಹುದು. ಅಘನಾಶಿನಿ ಕಣಿವೆಯ ಸಿಂಗಳೀಕಗಳಿಗೂ ಈ ಹಣ್ಣು ಆಹಾರ.

ಇದಕ್ಕಿಂತ ಕಡಿಮೆ ಕಣ್ಣಿಗೆ ಬೀಳುವ ನಷ್ಟ ಒಲೆಯದು. ಕೊಯ್ಲಿನ ಕಾಲದಲ್ಲಿ ಬಿಸಿಲಿರುವುದಿಲ್ಲ, ಸಿಪ್ಪೆಯನ್ನು ಬೆಂಕಿಯ ಮೇಲೆಯೇ ಒಣಗಿಸಬೇಕು. ತೆರೆದ ಒಲೆಯ ಮೇಲೆ ತಟ್ಟಿ ಕಟ್ಟಿ ಒಣಗಿಸುವಾಗ ಸುಡುವ ಕಟ್ಟಿಗೆಯೂ ಅದೇ ಕಾಡಿನದು. ಹೊಗೆ ಕೊಳವೆಯಿರುವ, ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುವ ಡ್ರೈಯರ್ ಬಂದ ಮನೆಗಳಲ್ಲಿ ಕಟ್ಟಿಗೆ ಉಳಿಯಿತು, ಅಡುಗೆಮನೆಯ ಹೆಂಗಸರ ಕಣ್ಣುರಿಯೂ ತಗ್ಗಿತು.

ನಮ್ಮೂರಿನ ಗ್ರಾಮ ಅರಣ್ಯ ಸಮಿತಿಯಲ್ಲಿ ಈಗ ಕೊಯ್ಲು ಆರಂಭಿಸುವ ದಿನವನ್ನು ಎಲ್ಲರೂ ಸೇರಿ ಗೊತ್ತುಮಾಡುವ ಪದ್ಧತಿಯಿದೆ. ಕಳೆದ ಬಾರಿ ಆ ಒಂದು ದಿನಾಂಕದ ಮೇಲೆಯೇ ಸಂಜೆಯವರೆಗೆ ಜಗಳ ನಡೆಯಿತು; ಕೊನೆಗೆ ಒಂದು ವಾರ ಮುಂದೆ ಹಾಕಿದರು, ಆ ವಾರ ಯಾರೂ ಮರ ಹತ್ತಲಿಲ್ಲ.