ಅವ್ವನ ಊರುಗೋಲಿಗೆ ಬೇಕಾದ ಜಾಗ

ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅವ್ವ ಇಂದು ಮೊದಲ ಬಾರಿಗೆ ದಾವಣಗೆರೆಯ ರಾಂ ಅಂಡ್ ಕೋ ವೃತ್ತದವರೆಗೆ ನಡೆದಳು, ಮಂಡಕ್ಕಿ ಮಿರ್ಚಿಯ ಆಸೆಗೆ. ಪಾದಚಾರಿ ಮಾರ್ಗದ ಮೇಲೆ ನಿಲ್ಲಿಸಿದ್ದ ಬೈಕುಗಳಿಂದಾಗಿ ಮೂರು ಸಲ ರಸ್ತೆಗೆ ಇಳಿಯಬೇಕಾಯಿತು. ಪ್ರತಿ ಸಲವೂ ಅವಳ ಕೈ ನನ್ನ ತೋಳನ್ನು ಬಿಗಿಯಾಗಿ ಹಿಡಿಯುತ್ತಿತ್ತು.

ಊಟ, ದಿನಸಿ ಹೊತ್ತು ಪಾದಚಾರಿ ಮಾರ್ಗದಲ್ಲೇ ಓಡಾಡುವ ರೋಬೋಟ್‌ಗಳ ನೆನಪು ಆಗಲೇ ಬಂದದ್ದು. 2019ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ, ಗಾಲಿಕುರ್ಚಿಯಲ್ಲಿ ರಸ್ತೆ ದಾಟುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಮೇಲೆ ಹತ್ತಬೇಕಾದ ಇಳಿಜಾರಿನಲ್ಲೇ ಅಂಥದೊಂದು ಯಂತ್ರ ಅಡ್ಡ ನಿಂತಿತ್ತು. ದೀಪ ಬದಲಾಗುವ ಹೊತ್ತು, ಅವಳು ನಡುರಸ್ತೆಯಲ್ಲಿ. ಆ ಭಯ ಎಂಥದ್ದೆಂದು ಇಂದು ಅವ್ವನ ಹಿಡಿತ ನನಗೆ ತಿಳಿಸಿತು. ಆ ಯಂತ್ರಗಳನ್ನು ಪ್ರಯೋಗಕ್ಕೆ ಬಿಟ್ಟಿದ್ದ ಅಲ್ಲಿನ ವಿಶ್ವವಿದ್ಯಾಲಯ ಬಳಿಕ ಆ ಪ್ರಯೋಗವನ್ನು ತಡೆಹಿಡಿಯಿತು.

ಸ್ಯಾನ್ ಫ್ರಾನ್ಸಿಸ್ಕೋ ನಗರ 2017ರಲ್ಲೇ ಕಟ್ಟುನಿಟ್ಟಾಗಿ ಬರೆದಿಟ್ಟಿತ್ತು: ಒಂದು ಕಂಪನಿಗೆ ಮೂರು, ಇಡೀ ನಗರಕ್ಕೆ ಒಂಬತ್ತು ರೋಬೋಟ್‌ಗಳು ಮಾತ್ರ; ವೇಗ ಗಂಟೆಗೆ ಮೂರು ಮೈಲಿ, ಅಂದರೆ ಸುಮಾರು 4.8 ಕಿಲೋಮೀಟರ್, 30 ಅಡಿಯೊಳಗೆ ಮನುಷ್ಯನೊಬ್ಬ ಇರಲೇಬೇಕು. ಟೊರಾಂಟೊ 2021ರಲ್ಲಿ ನಿಷೇಧವನ್ನೇ ಹೇರಿತು. ನನಗೆ ನಿಷೇಧಕ್ಕಿಂತ ಆ 30 ಅಡಿಯ ಮಾತು ಹಿಡಿಸಿತು. ಯಂತ್ರ ಅಡ್ಡ ನಿಂತರೆ ಸರಿಸಲು, ಬೈದರೆ ಕೇಳಿಸಿಕೊಳ್ಳಲು ಒಬ್ಬರು ಕಣ್ಣೆದುರಿಗೇ ಇರುತ್ತಾರೆ.

ನಮ್ಮದೂ 2016ರ ಮೊದಲ ಪಟ್ಟಿಯಲ್ಲೇ ಸ್ಮಾರ್ಟ್ ಸಿಟಿಯಾದ ಊರು. ಇಂಥ ಯಂತ್ರ ಇಲ್ಲಿಗೆ ಬರುವ ಮೊದಲೇ ನಿಯಮ ಬರಲಿ. ಅದರ ಮೈಮೇಲೆ ಹೊಣೆಗಾರರ ದೂರವಾಣಿ ಸಂಖ್ಯೆ ಕನ್ನಡದಲ್ಲಿ, ಅವ್ವನ ಕಣ್ಣಿಗೂ ಕಾಣುವಷ್ಟು ದಪ್ಪ ಅಕ್ಷರದಲ್ಲಿ ಇರಲಿ.

ಮರಳುವಾಗ ಆಟೋ ಹಿಡಿದೆವು. ನಾಳೆಯೂ ನಡೆಯುತ್ತೇನೆ ಎಂದಿದ್ದಾಳೆ.