ಎಡಗೈ ಮಗಳಿಗೆ ಬಲಗೈ ಬೋಲ್ಟ್

ಜೂನ್ 14

ಮಳೆ ಹಿಡಿದು ಎಂಟು ದಿನವಾಯ್ತು. ತೋಟಕ್ಕೆ ಮೊದಲ ಸಲದ ಬೋರ್ಡೋ ಔಷಧಿ ಹೊಡೆದು ಮುಗಿದಿದೆ. ಇನ್ನು ಹೊಳವಾಗುವವರೆಗೆ ತೋಟಕ್ಕೆ ಇಳಿಯುವ ಹಾಗಿಲ್ಲ. ಮಗಳ ಏರ್ ರೈಫಲ್ ಕೆಲಸ ಶುರುಮಾಡಲು ಇದೇ ಸರಿಯಾದ ಹೊತ್ತು. ಅವಳಿಗೀಗ ಹದಿನಾಲ್ಕು. ಬೇಸಿಗೆ ರಜೆಯಲ್ಲಿ ಶಿವಮೊಗ್ಗದ ಒಂದು ಶಿಬಿರಕ್ಕೆ ಹೋಗಿ 10 ಮೀಟರ್ ಗುರಿ ಅಭ್ಯಾಸ ಕಲಿತು ಬಂದಿದ್ದಾಳೆ. ಬಂದಾಗಿನಿಂದ ಮನೆಯಲ್ಲಿ ಅದೇ ಮಾತು.

ಅಜ್ಜಯ್ಯನ ಕಾಲದಿಂದಲೂ ನಮ್ಮಲ್ಲಿ ಬೆಳೆ ರಕ್ಷಣೆಯ ಲೈಸೆನ್ಸಿನ ಒಂಟಿನಳಿಗೆ ಕೋವಿ ಇದೆ. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸುವುದು, ಮುಗಿದ ಮೇಲೆ ತಂದು ಎಣ್ಣೆ ಒರೆಸಿಡುವುದು ಚಿಕ್ಕಂದಿನಿಂದ ನೋಡಿದ್ದೇನೆ. ಆದರೆ ನನ್ನ ಮನಸ್ಸು ಯಾವತ್ತೂ ಬೋಲ್ಟ್ ಆಕ್ಷನ್ ರೈಫಲ್ ಕಡೆಗೆ, ಅಂದರೆ ಅಗುಳಿಯಂಥ ಬೋಲ್ಟನ್ನು ಕೈಯಿಂದ ಹಿಂದೆ ಮುಂದೆ ಆಡಿಸಿ ಗುಂಡು ತುಂಬುವಂಥದ್ದು. 1898ರ ಜರ್ಮನ್ ಮೌಸರ್ ರೈಫಲ್‌ನ ಬೋಲ್ಟನ್ನು ಬಿಡಿಸಿ ತೋರಿಸಿದ ಚಿತ್ರ ನೋಡಿದ ದಿನ ನಿದ್ದೆ ಬಂದಿರಲಿಲ್ಲ. ಮುಂದೆ ಬೋಲ್ಟನ್ನು ಬಿಗಿದು ಹಿಡಿಯುವ ಎರಡು ಕಿವಿ, ಅವು ತಪ್ಪಿದರೂ ಕಾಯಲಿ ಅಂತ ಹಿಂದೊಂದು ಕಿವಿ, ಪಕ್ಕದಲ್ಲಿ ಕಾಡತೂಸನ್ನು ಕೊನೆಯವರೆಗೂ ಬಿಡದೆ ಹಿಡಿಯುವ ಉದ್ದನೆಯ ಕೊಕ್ಕೆ. ನೂರಿಪ್ಪತ್ತು ವರ್ಷ ದಾಟಿದರೂ ಇವತ್ತಿನ ಬೇಟೆ ರೈಫಲ್‌ಗಳಲ್ಲಿ ಅದರ ನೆರಳು ಕಾಣುತ್ತದೆ. ನಮ್ಮ ಇಶಾಪುರದ .315 ರೈಫಲ್ ಮಾತ್ರ ಬ್ರಿಟಿಷರ ಲೀ-ಎನ್‌ಫೀಲ್ಡ್ ರೈಫಲ್ ವಂಶದ್ದು, ಅದರ ಕಿವಿಗಳಿರುವುದು ಬೋಲ್ಟಿನ ಹಿಂಭಾಗದಲ್ಲಿ.

ಹೊರದೇಶದವರು ಒಂದು ಕಡೆಯಿಂದ ಆಕ್ಷನ್ (ಬೋಲ್ಟ್, ಟ್ರಿಗರ್ ಕೂರುವ ನಡುಭಾಗ), ಇನ್ನೊಂದು ಕಡೆಯಿಂದ ನಳಿಗೆ ತರಿಸಿ ತಮಗೆ ಬೇಕಾದ ರೈಫಲ್ ಕಟ್ಟಿಸಿಕೊಳ್ಳುತ್ತಾರೆ. ಇಲ್ಲಿ ಮನೆಯಲ್ಲಿ ಕೂತು ಹಾಗೆ ಮಾಡುವಂತಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಬಂದೂಕು ತಯಾರಿಸುವುದಕ್ಕೆ ಬೇರೆಯೇ ಲೈಸೆನ್ಸ್ ಬೇಕು, ಕೋವಿ ಇಟ್ಟುಕೊಳ್ಳುವ ಲೈಸೆನ್ಸ್ ಅದಕ್ಕೆ ನಡೆಯುವುದಿಲ್ಲ. 2016ರ ನಿಯಮಗಳ ಪ್ರಕಾರ .177 ನಳಿಗೆಯ, 20 ಜೂಲ್ ಮೀರದ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. ಪಂದ್ಯದ ಏರ್ ರೈಫಲ್ ಆ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ. 0.53 ಗ್ರಾಮಿನ ಪೆಲೆಟ್, ಅಂದರೆ ಸೀಸದ ಸಣ್ಣ ಗುಂಡು, ಸೆಕೆಂಡಿಗೆ 170 ಮೀಟರ್ ವೇಗದಲ್ಲಿ ಹೊರಟರೆ ಏಳೂವರೆ ಜೂಲ್ ಚಿಲ್ಲರೆ, ಅಷ್ಟೇ. ಹಾಗಾಗಿ ನನ್ನ ಆಸೆಯನ್ನು ಇಲ್ಲಿಗೆ ತಂದು ನಿಲ್ಲಿಸಿದೆ: ಆಕ್ಷನ್ ಆರಿಸುವುದು, ಮಗಳ ಮೈಗೆ ಒಪ್ಪುವ ಹಿಡಿಮರ (ರೈಫಲ್‌ನ ಮರದ ಭಾಗ) ಮಾಡಿಸುವುದು.

ಪಕ್ಕದ ಮನೆಯವರು "ಮಂಗ ಓಡ್ಸಕ್ಕೆ ಒಳ್ಳೇದಾಯ್ತಲ್ಲ ಗೌಡ್ರೆ" ಅಂದರು. ಇದು ಕಾಗದಕ್ಕೆ ಮಾತ್ರ, ಜೀವದ ಮೇಲೆ ಯಾವತ್ತೂ ಇಲ್ಲ ಅಂತ ಮಗಳ ಎದುರಿಗೇ ಹೇಳಿದೆ. ಅವಳ ಕಿವಿಗೂ ಅದು ಬೀಳಬೇಕಿತ್ತು.

ಜೂನ್ 22

ಎರಡು ಬಗೆಯವನ್ನು ತಂದು ನೋಡಿದ್ದಾಯಿತು. ನಮ್ಮ ಹಳೇ ಮನೆಯ ಜಗಲಿ ಉದ್ದಕ್ಕೆ ಹದಿಮೂರು ಮೀಟರ್ ಇದೆ. ಕೊನೆಯ ಗೋಡೆಗೆ ದಪ್ಪ ತಗಡಿನ ಪೆಟ್ಟಿಗೆ, ಅದರೊಳಗೆ ಹಳೆ ಗೋಣಿಚೀಲ. ಗುರಿಯ ನಡು ನೆಲದಿಂದ 1.4 ಮೀಟರ್ ಎತ್ತರಕ್ಕೆ. ಆ ಕಡೆಯ ಬಾಗಿಲಿಗೆ ಒಳಗಿನಿಂದ ಅಗುಳಿ.

ಮೊದಲನೆಯದು ನಳಿಗೆಯನ್ನೇ ಮಡಚಿ ಸ್ಪ್ರಿಂಗ್ ಎಳೆಯುವಂಥದ್ದು, ಊರಲ್ಲಿ ಎಲ್ಲರೂ ನೋಡಿರುವ ಬಗೆ. ಕುದುರೆ (ಟ್ರಿಗರ್) ಎಳೆದ ಕೂಡಲೇ ಒಳಗಿನ ಪಿಸ್ಟನ್ ಮುಂದೆ ನುಗ್ಗುತ್ತದೆ, ಪೆಲೆಟ್ ನಳಿಗೆ ಬಿಡುವ ಮೊದಲೇ ರೈಫಲ್ ಅಲುಗಿರುತ್ತದೆ. ಹಿಡಿತ ಚೂರು ಬದಲಾದರೂ ಗುರಿ ಬದಲಾಗುತ್ತದೆ. ಪಳಗಿದವರು ಅದನ್ನೂ ಒಲಿಸಿಕೊಳ್ಳುತ್ತಾರೆ, ಆದರೆ ಕಲಿಯುವವರಿಗೆ ತಪ್ಪು ತನ್ನದೋ ರೈಫಲ್‌ದೋ ಅಂತಲೇ ತಿಳಿಯುವುದಿಲ್ಲ.

ಎರಡನೆಯದು ಸ್ನೇಹಿತರೊಬ್ಬರು ಎರಡು ದಿನಕ್ಕೆ ಕೊಟ್ಟ ಹಳೆಯ ಫೈನ್‌ವೆರ್ಕ್‌ಬೌ 300. ಪಕ್ಕದ ಸನ್ನೆ ಎಳೆಯುವ ಜರ್ಮನ್ ಪಂದ್ಯದ ರೈಫಲ್. ಸ್ಪ್ರಿಂಗೇ ಇದ್ದರೂ ಇಡೀ ಆಕ್ಷನ್ ಹಳಿಯ ಮೇಲೆ ಹಿಂದಕ್ಕೆ ಜಾರುವಂತೆ ಮಾಡಿದ್ದಾರೆ, ಹೆಗಲಿಗೆ ಒದೆತ ಗೊತ್ತೇ ಆಗುವುದಿಲ್ಲ. ಎಂಥ ಕೆಲಸಗಾರಿಕೆ! ಇಷ್ಟು ವರ್ಷದ ಮೇಲೂ ಆ ಸನ್ನೆ ಬೆಣ್ಣೆಯಲ್ಲಿ ಕತ್ತಿ ಆಡಿಸಿದ ಹಾಗೆ ಬರುತ್ತದೆ. ನನಗಾಗಿದ್ದರೆ ಇದನ್ನೇ ಇಟ್ಟುಕೊಳ್ಳುತ್ತಿದ್ದೆ. ಆದರೆ ಪಂದ್ಯವೆಂದರೆ 60 ಸುತ್ತು, ಜೊತೆಗೆ ಮೊದಲಿನ ಅಭ್ಯಾಸದ ಸುತ್ತು. ಮೂವತ್ತು ದಾಟುವಷ್ಟರಲ್ಲಿ ಮಗಳ ತೋಳು ನಡುಗತೊಡಗಿತು. ಅವಳು ಬಾಯಿಬಿಟ್ಟು ಹೇಳಲಿಲ್ಲ, ಕಾಗದ ಹೇಳಿತು.

ಉಳಿದದ್ದು ಪಿಸಿಪಿ, ಅಂದರೆ ಮೊದಲೇ ಸಿಲಿಂಡರಿಗೆ 200 ಬಾರ್ ಒತ್ತಡದಲ್ಲಿ ಗಾಳಿ ತುಂಬಿಟ್ಟುಕೊಳ್ಳುವಂಥದ್ದು. ಅದನ್ನೇ ಮಾಡುವುದೆಂದು ತೀರ್ಮಾನಿಸಿದೆ. ಅದರಲ್ಲೂ ಬೋಲ್ಟ್ ಇರುವಂಥದ್ದೇ.

ಜುಲೈ 6

ಇಲ್ಲೊಂದು ತೊಡಕು ಬಂತು. ಮಗಳು ಎಡಚಿ. ಎಡಗಣ್ಣಿನಲ್ಲೇ ಗುರಿ ನೋಡುತ್ತಾಳೆ, ಎಡಹೆಗಲಿಗೇ ರೈಫಲ್ ಕೊಡುತ್ತಾಳೆ. ಎಡಗೈ ಬೋಲ್ಟಿನ ಆಕ್ಷನ್ ಹುಡುಕುತ್ತಾ ಎರಡು ವಾರ ಕಳೆದೆ. ಸಿಕ್ಕಿದ್ದಕ್ಕೆ ನಮ್ಮ ಕೈಗೆಟುಕದ ಬೆಲೆ. ಬಲಗೈಯವು ಬೇಕಾದಷ್ಟಿವೆ. ಬೆಂಗಳೂರಿನ ಪರಿಚಯದವರೊಬ್ಬರ ಬಳಿ ಹಿಡಿಮರ ಸೀಳಿಹೋದ ಪಿಸಿಪಿ ಇತ್ತು, ಆಕ್ಷನ್ ಮತ್ತು ನಳಿಗೆ ಚೆನ್ನಾಗಿವೆ, ಬೋಲ್ಟಿನ ಹಿಡಿ ಬಲಗಡೆಗೆ. ಬೇಡ ಅನ್ನುವವನೇ ಇದ್ದೆ.

ಆಗ ಮಗಳೇ ಅಂದಳು, "ಅಪ್ಪಯ್ಯ, ನಾನು ಹೆಂಗೆ ಲೋಡ್ ಮಾಡ್ತೀನಿ ಅಂತ ಒಂದ್ಸಲ ನೋಡು."

ನೋಡಿದೆ. 10 ಮೀಟರ್ ಆಟದಲ್ಲಿ ಪ್ರತಿ ಸುತ್ತಿಗೂ ರೈಫಲನ್ನು ಹೆಗಲಿಂದ ಇಳಿಸಿ ಸ್ಟ್ಯಾಂಡಿಗೆ ಆನಿಸುತ್ತಾರೆ. ಎಡಗೈ ಹಿಡಿಯ ಮೇಲೆ ಇದ್ದಂತೆಯೇ ಇರುತ್ತದೆ. ಭಾರ ಹೊತ್ತಿದ್ದ ಬಲಗೈ ಈಗ ಖಾಲಿ. ಅದೇ ಬಲಗೈ ಬೋಲ್ಟ್ ಎತ್ತಿ, ಹಿಂದೆಳೆದು, ಪೆಲೆಟ್ ಇಟ್ಟು, ಮುಂದೆ ನೂಕಿ ಒತ್ತುತ್ತದೆ. ಕುದುರೆಯ ಕೈ ಜಾಗ ಬಿಟ್ಟು ಕದಲುವುದೇ ಇಲ್ಲ. ಎಡಗೈ ಬೋಲ್ಟ್ ಹಾಕಿದ್ದರೆ ಪ್ರತಿ ಸುತ್ತಿಗೂ ಆ ಕೈಯನ್ನು ತೆಗೆದು ಮತ್ತೆ ಅದೇ ಜಾಗಕ್ಕೆ ಕೂರಿಸಬೇಕಿತ್ತು, ಅರವತ್ತು ಸಲ. ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್ ಇರುವ ಆಟದಲ್ಲಿ ಇದು ಸಣ್ಣ ವಿಷಯವಲ್ಲ. ಹೊರದೇಶಗಳಲ್ಲಿ ಮೇಜಿಗೆ ಆನಿಸಿ ಗುರಿ ಹೊಡೆಯುವವರಲ್ಲಿ ಕೆಲವರು ಇದೇ ಕಾರಣಕ್ಕೆ ಬೇಕೆಂದೇ ಎದುರುಗಡೆಯ ಬೋಲ್ಟ್ ಹಾಕಿಸುತ್ತಾರೆ. ನಾನು ಅದನ್ನು ಓದಿಯೂ ಇದ್ದೆ, ಮಗಳ ಕೈಗೆ ಹೊಂದಿಸಿ ಯೋಚಿಸಿರಲಿಲ್ಲ.

ಅವತ್ತೇ ಸಂಜೆ ಫೋನ್ ಮಾಡಿ ಬೆಲೆ ಮಾತಾಡಿದೆ.

ಜುಲೈ 19

ಆಕ್ಷನ್ ಮನೆಗೆ ಬಂತು. ಸಿಲಿಂಡರಿನ ಮೇಲಿನ ಅವಧಿಯ ದಿನಾಂಕವನ್ನು ಎಲ್ಲಕ್ಕಿಂತ ಮೊದಲು ನೋಡಿದೆ, ಇನ್ನೂ ಐದು ವರ್ಷ ಇದೆ. ಹಳೆ ಪಿಸಿಪಿ ಕೊಳ್ಳುವವರು ಬೆಲೆ ಮಾತಾಡುವ ಮೊದಲೇ ಅದನ್ನು ಕೇಳಬೇಕು.

ಬಂದೂಕಿನ ಬೋಲ್ಟಿಗೂ ಇದಕ್ಕೂ ಹೆಸರೊಂದೇ, ಹೊರೆ ಬೇರೆ. ಅಲ್ಲಿ ಮದ್ದು ಸಿಡಿದಾಗಿನ ಮೂರು ಸಾವಿರ ಬಾರ್ ಮೀರುವ ಒತ್ತಡವನ್ನು ಕಿವಿಗಳು ತಡೆಯಬೇಕು. ಇಲ್ಲಿ ಬೋಲ್ಟಿನ ಮುಖ್ಯ ಕೆಲಸ ಎರಡೇ. ಪೆಲೆಟನ್ನು ಪ್ರತಿ ಸಲ ಅಷ್ಟೇ ಆಳಕ್ಕೆ, ನೇರವಾಗಿ ಕೂರಿಸುವುದು. ಹಿಂದಿನಿಂದ ಗಾಳಿ ಸೋರದಂತೆ ಮುಚ್ಚುವುದು.

ಐದೈದು ಸುತ್ತಿನ ಗುಂಪು ಹೊಡೆದು ನೋಡಿದಾಗ ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ 9 ಮಿ.ಮೀ. ಪೆಲೆಟಿನ 4.5 ಕಳೆದರೆ ನಡುವಿನಿಂದ ನಡುವಿಗೆ 4.5. ಆನಿಸಿ ಹೊಡೆದಾಗ ಇಷ್ಟು ಹರಡಬಾರದು. ಮನೆಯವಳ ಸೀರೆಯ ಚೂರು ಸುತ್ತಿದ ಕಡ್ಡಿಯಿಂದ ಪೆಲೆಟನ್ನು ಮೆಲ್ಲಗೆ ಹೊರಗೆ ತಳ್ಳಿ ಭೂತಗನ್ನಡಿಯಲ್ಲಿ ನೋಡಿದೆ. ಪೆಲೆಟಿನ ಹಿಂದಿನ ಅಗಲ ಅಂಚಿನ ಒಂದು ಬದಿ ಹೆರೆದ ಹಾಗಿದೆ. ಬೋಲ್ಟಿನ ತುದಿಗೆ ದೀಪದ ಮಸಿ ಹಚ್ಚಿ ಮುಚ್ಚಿ ತೆಗೆದರೆ ಮಸಿ ಒಂದೇ ಕಡೆ ಉಜ್ಜಿಹೋಗಿತ್ತು. ಮುಚ್ಚಿಕೆಯ ಓ-ರಿಂಗ್ (ರಬ್ಬರ್ ಬಳೆ) ಒಂದು ಬದಿ ಗಟ್ಟಿಯಾಗಿ ಕಚ್ಚುಬಿದ್ದು ತುದಿಯನ್ನು ಓರೆಗೆ ತಳ್ಳುತ್ತಿತ್ತು. ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ಗೆ ಹಳೆಯದನ್ನು ಹಿಡಿದು ಹೋಗಿ ಅದೇ ಅಳತೆಯದು ತಂದೆ. ಕೆಲವೇ ರೂಪಾಯಿ. ಗುಂಪು 6.5ಕ್ಕೆ ಇಳಿಯಿತು.

ಜುಲೈ 27

ಗಾಳಿಯ ಲೆಕ್ಕ. ಇದು ನಮ್ಮ ಕಡೆಯವರಿಗೇ ಇರುವ ಕಷ್ಟ. 200 ಸಿಸಿ ಸಿಲಿಂಡರಿಗೆ 200 ಬಾರ್ ತುಂಬಿದರೆ ಹೊರಗಿನ 40 ಲೀಟರ್ ಗಾಳಿ ಒಳಗೆ ಹೋದ ಹಾಗೆ. ತೀರ್ಥಹಳ್ಳಿ ಕಡೆಯ ಆಷಾಢದ ಗಾಳಿ ಹಿಂಡಿದರೆ ನೀರು. 25 ಡಿಗ್ರಿಯಲ್ಲಿ ತೇವ ತುಂಬಿದ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 23 ಗ್ರಾಂ ನೀರಿರುತ್ತದೆ. ಅಂದರೆ ಒಂದು ಸಲ ತುಂಬಿದರೆ ಹತ್ತಿರ ಹತ್ತಿರ ಒಂದು ಗ್ರಾಂ. ಅದು ಒತ್ತಡಕ್ಕೆ ಹನಿಯಾಗಿ ಕೂತರೆ ವಾಲ್ವಿಗೂ, ಒತ್ತಡ ಹದದಲ್ಲಿಡುವ ರೆಗ್ಯುಲೇಟರಿಗೂ ತುಕ್ಕು.

ಅಡಿಗೆಮನೆ ಒಲೆ ಪಕ್ಕ ಕೂತು ಪಂಪ್ ಹೊಡೆ ಅಂದಳು ಅಮ್ಮ. ಗಾಳಿ ಬೆಚ್ಚಗಾಗುತ್ತದೆ ನಿಜ, ಆದರೆ ಅದರೊಳಗಿನ ನೀರು ಅಷ್ಟೇ ಇರುತ್ತದೆ. ಪಂಪಿನ ಬಾಯಿಗೆ ಸಿಲಿಕಾ ಜೆಲ್ ತುಂಬಿದ ಡಬ್ಬಿ ಜೋಡಿಸಿದ್ದೇನೆ. ಬಣ್ಣ ತಿರುಗಿದ ಕೂಡಲೇ ಕಾಳುಗಳನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಒಣಗಿಸಿ ಮತ್ತೆ ತುಂಬುತ್ತೇನೆ, ಆ ಬಾಣಲೆ ಅಡಿಗೆಗಿಲ್ಲ. ಐವತ್ತು ಒತ್ತಿಗೊಮ್ಮೆ ನಿಲ್ಲಿಸಿ ಪಂಪ್ ತಣಿಯಲು ಬಿಡುತ್ತೇನೆ, ನಡುವೆ ನೀರು ಬಿಡುವ ತಿರುಪು ತೆರೆಯುತ್ತೇನೆ.

ಆಗಸ್ಟ್ 17

ಹಿಡಿಮರಕ್ಕೆ ಹಲಸು. ನಾಲ್ಕು ವರ್ಷದ ಹಿಂದೆ ಗಾಳಿಗೆ ಬಿದ್ದ ನಮ್ಮ ಅಂಗಳದ ಮರದ ಹಲಗೆ, ಅಟ್ಟದ ಮೇಲೆ ಹೊಗೆ ಕುಡಿದು ಒಣಗಿತ್ತು. ಆಕ್ರೋಟ್ ಮರ ಒಳ್ಳೆಯದೆನ್ನುತ್ತಾರೆ, ನಮಗೆ ಅದೆಲ್ಲಿ. ಮೃದಂಗಕ್ಕೆ, ವೀಣೆಗೆ ಹಲಸನ್ನೇ ಆರಿಸುತ್ತಾರೆ, ರೈಫಲ್‌ಗೆ ಯಾಕೆ ಆಗಬಾರದು?

ಮರಗೆಲಸದ ಆಚಾರ್ರು ಹಲಗೆಯನ್ನು ಬೆರಳಿನಿಂದ ತಟ್ಟಿ ಕಿವಿಗೊಟ್ಟು ಕೇಳಿ, "ಇದು ಕೈ ಕೊಡಲ್ಲ ಗೌಡ್ರೆ. ಆದ್ರೆ ನಿಮ್ಮ ಕಬ್ಬಿಣ ಕೂರೋ ಜಾಗ ನಾನು ಒಂದೇ ದಿನಕ್ಕೆ ತೆಗೆಯಲ್ಲ" ಅಂದರು. ಹೇಳಿದಂತೆಯೇ ಮೂರು ದಿನ ತೆಗೆದುಕೊಂಡರು. ಆಕ್ಷನ್ನಿನ ಹೊಟ್ಟೆಗೆ ಮಸಿ ಹಚ್ಚಿ ಕೂರಿಸುವುದು, ಎತ್ತುವುದು, ಮಸಿ ಅಂಟಿದ ಕಡೆ ಮಾತ್ರ ಉಳಿಯಿಂದ ಒಂದು ಎಳೆ ತೆಗೆಯುವುದು. ಕೊನೆಗೆ ತಿರುಪು ಹೋಗುವ ಎರಡು ಕಡೆ ಅಲ್ಯೂಮಿನಿಯಂ ಕೊಳವೆ ಕೂರಿಸಿ ಸುತ್ತ ಎಪಾಕ್ಸಿ ಹಾಕಿದೆವು. ಮರ ಮಳೆಗೆ ಉಬ್ಬಿದರೂ ಆಕ್ಷನ್ ಕೂತಿರುವುದು ಲೋಹದ ಮೇಲೆ. ತಿರುಪನ್ನು ಬಿಗಿ ಅಳೆಯುವ ಟಾರ್ಕ್ ಸ್ಪ್ಯಾನರ್‌ನಲ್ಲಿ 4 ನ್ಯೂಟನ್ ಮೀಟರಿಗೆ ನಿಲ್ಲಿಸಿದೆ. ಕೆನ್ನೆ ಆನುವ ತುಂಡು, ಹೆಗಲ ತಟ್ಟೆ ಎರಡೂ ಸರಿಯುವಂಥವು, ಮಗಳು ಇನ್ನೂ ಬೆಳೆಯುವವಳು. ಒಟ್ಟು ತೂಕ 4.3 ಕಿಲೋ, ಪಂದ್ಯದ ಮಿತಿ 5.5.

ಆಗಸ್ಟ್ 24

ಬೆಳಿಗ್ಗೆ ಹೊಳವಾಯ್ತು. ಜಗಲಿಯಲ್ಲಿ ಬಿಸಿಲು ಬೀಳುವ ಮೊದಲೇ ಕೂತೆವು. ಮೂರು ಅಳತೆಯ ಪೆಲೆಟ್ ಆನಿಸಿ ಹೊಡೆದು ನೋಡಿದರೆ ಈ ನಳಿಗೆಗೆ 4.49ಕ್ಕಿಂತ 4.50 ತಲೆಯದೇ ಒಪ್ಪಿತು. ಗುಂಪು ಹೊರಗಿನಿಂದ ಹೊರಗಿಗೆ 5.5. ಐದು ಪೆಲೆಟ್ ಒಂದೇ ತೂತು.

ಆಮೇಲೆ ಮಗಳು ನಿಂತು ಹತ್ತು ಸುತ್ತು. ಅವಳ ಎಡಗೈಯನ್ನೇ ನೋಡುತ್ತಿದ್ದೆ. ಹತ್ತು ಸುತ್ತಿನಲ್ಲಿ ಒಮ್ಮೆಯೂ ಅದು ಹಿಡಿ ಬಿಡಲಿಲ್ಲ. ನೂರಕ್ಕೆ 91 ಬಂತು, ಶಿಬಿರದ ರೈಫಲ್‌ನಲ್ಲಿ ಅವಳ ಅತಿ ಹೆಚ್ಚು 84. ಏಳನೇ ಸುತ್ತಿನ ನಂತರ ಎಲ್ಲವೂ ಚೂರು ಕೆಳಕ್ಕೆ ಜಾರಿವೆ. ಕೇಳಿದರೆ ಕತ್ತು ಬಗ್ಗಿಸಬೇಕಾಗುತ್ತಿದೆ ಅಂದಳು. ಕೆನ್ನೆಯ ತುಂಡು 4 ಮಿ.ಮೀ. ಏರಿಸಬೇಕು, ಅದರ ತಿರುಪು ಅಷ್ಟು ಉದ್ದವಿಲ್ಲ. ಆಚಾರ್ರು ಗೌರಿಹಬ್ಬ ಕಳೆದು ಬರುತ್ತಾರಂತೆ. ಅಲ್ಲಿಯವರೆಗೆ ಸೈಕಲ್ ಟ್ಯೂಬಿನ ಎರಡು ಪದರ ಅಂಟಿಸಿ ಕೊಟ್ಟಿದ್ದೇನೆ. ಸೀಸ ಮುಟ್ಟಿದ ಕೈ ತೊಳೆದುಕೊಂಡು ಶಾಲೆಗೆ ಓಡಿದಳು.