ಒಂದ್ ತಾಸು ಅಡ್ಡಾಡಿ ಬರ್ರಿ
ಇವತ್ತು ಹುಬ್ಬಳ್ಳಿಯ ದುರ್ಗದಬೈಲ್ ಕಡೆ ಅತ್ತರು ತಗೊಳ್ಳೋಕೆ ಹೋಗಿದ್ದೆ. ಅಂಗಡಿ ಅಜ್ಜ ಗಾಜಿನ ಕಡ್ಡಿ ಅದ್ದಿ ಮಣಿಕಟ್ಟಿಗೆ ಹಚ್ಚಿದರು. ನಾನು ರೂಢಿಯಂತೆ ಎರಡೂ ಕೈ ತಿಕ್ಕಲು ಹೋದೆ.

"ತಿಕ್ಕಬ್ಯಾಡ್ರೀ. ಈಗ ತಗೊಳ್ಳಾಕೂ ಬ್ಯಾಡ, ಒಂದ್ ತಾಸು ಅಡ್ಡಾಡಿ ಬರ್ರಿ."

ಮಾರೋರೇ ಬೇಡ ಅಂದ್ರೆ!

ಗಿರ್ಮಿಟ್ ತಿಂದು, ಅತ್ತರಿನ ಕೈಯನ್ನು ಈರುಳ್ಳಿಯಿಂದ ದೂರ ಹಿಡಿದುಕೊಂಡು ಸುಮ್ನೆ ಸುತ್ತಿದೆ. ಮೊದಲು ಬರೀ ಗಂಧದೆಣ್ಣೆ. ಆಮೇಲೆ ನಿಧಾನಕ್ಕೆ, ಕಾದ ಎರಿ ಹೊಲದ ಮೇಲೆ ಮೊದಲ ಮಳೆ ಬಿದ್ದ ಹಾಗೆ. ಮಿಟ್ಟಿ ಅತ್ತರು. ಉತ್ತರ ಪ್ರದೇಶದ ಕನೌಜಿನಲ್ಲಿ ಸುಟ್ಟ ಮಣ್ಣನ್ನು ತಾಮ್ರದ ಹಂಡೆಯಲ್ಲಿ ನೀರಿನ ಜೊತೆ ಕುದಿಸಿ, ಆವಿಯನ್ನು ಗಂಧದೆಣ್ಣೆಗೆ ಇಳಿಸುತ್ತಾರೆ. ಇಷ್ಟು ವರ್ಷ ನಾನು ಕಾಗದದ ಪಟ್ಟಿ ಮೂಸಿ ಎರಡೇ ನಿಮಿಷದಲ್ಲಿ ಸೆಂಟು ಆರಿಸಿದ್ದೆ, ಮೈಮೇಲೆ ಅದು ಏನಾಗುತ್ತೆ ಅಂತ ಕಾದೇ ಇರಲಿಲ್ಲ.

ಚಿಕ್ಕ ಶೀಶೆ ತಂದಿದ್ದೇನೆ. ಅವ್ವ ಮೂಸಿ ನೋಡಿ, "ಮಣ್ಣಿನ ವಾಸನಿಗೂ ರೊಕ್ಕ ಕೊಟ್ಟಿಯಾ?" ಅಂದಳು.